ಒಣಗಿಸಬಾರದ ಬಾಳೆನಾರು

ಹೂ ಕಟ್ಟಿ ಮಾರುತ್ತಿದ್ದವಳು ನಾನು. ಈಗ ಶ್ರೀರಾಂಪುರದ ಒಂದು ಶೆಡ್ಡಿನಲ್ಲಿ ಮೆಕ್ಕೆಜೋಳದ ಪಿಷ್ಟದಿಂದ, ಮಣ್ಣಿನಲ್ಲಿ ಕರಗುವ ಕವರ್ ಮಾಡುತ್ತೇನೆ. ಕರಗುವುದೇನೋ ಚೆನ್ನಾಗಿಯೇ ಕರಗುತ್ತಿತ್ತು. ಆದರೆ ಸಾಮಾನು ಮನೆ ಸೇರುವ ಮೊದಲೇ ಹರಿಯುತ್ತಿತ್ತು.

ಕುವೆಂಪುನಗರದ ದಿನಸಿ ಅಂಗಡಿಯವರೇ ನನ್ನ ದೊಡ್ಡ ಗಿರಾಕಿ. ಅವರ ಅಂಗಡಿ ಮುಂದೆಯೇ ಯಾರದೋ ಸ್ಕೂಟರಿಗೆ ತೂಗುಹಾಕಿದ್ದ ಕವರ್ ಹರಿದು ತೆಂಗಿನಕಾಯಿಗಳು ರಸ್ತೆಗೆ ಉರುಳಿದವು. ನನ್ನನ್ನು ಕರೆಸಿದರು.

“ಏನಮ್ಮಾ, ನಿಮ್ಮ ಕವರ್‌ಗೆ ಕಾಯಿ ಕಂಡ್ರೆ ಅಷ್ಟೊಂದು ಭಯನಾ? ಇನ್ನೊಂದ್ಸಲ ಹಿಂಗಾದ್ರೆ ಬೇರೆಯವರನ್ನ ನೋಡ್ಕೋತೀನಿ ಕಣಮ್ಮ.”

ಅವರು ಕೈಬಿಟ್ಟರೆ ನನ್ನ ಮೆಷೀನು ನಿಲ್ಲಬೇಕಿತ್ತು.

ಚಾಮರಾಜಪುರಂನಲ್ಲಿ ನನ್ನ ಹತ್ತಿರ ಹೂ ಕೊಳ್ಳುತ್ತಿದ್ದ ಮೇಡಂ ಒಬ್ಬರು ಕಾಲೇಜಿನಲ್ಲಿ ಇದೇ ಸಂಶೋಧನೆ ಮಾಡುತ್ತಾರೆ. ಕೇಳಲು ನಾಚಿಕೊಳ್ಳಬಾರದು, ಕೇಳಿದೆ. ಬಾಳೆದಿಂಡಿನ ನಾರನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳಾಗಿ ಸೀಳಿ ಪಿಷ್ಟಕ್ಕೆ ಬೆರೆಸಿದರೆ, ಗೋಡೆಯ ಮಣ್ಣಿಗೆ ಹುಲ್ಲು ಸೇರಿಸಿದಂತೆ, ಕವರ್ ಗಟ್ಟಿಯಾಗುತ್ತದಂತೆ. ಒಂದು ಬಕೆಟ್ ಕೊಟ್ಟರು. ನೋಡಿದರೆ ನೀರುಮೊಸರಿನ ಹಾಗೆ, ನಾರಿಗಿಂತ ನೀರೇ ಹೆಚ್ಚು!

“ನೀರಿಗೂ ದುಡ್ಡಾ ಮೇಡಂ?” ಎಂದೆ.

“ಆ ನೀರು ಬೇಕು ಕಣ್ರೀ,” ಎಂದರು. ನಾನು ಅದನ್ನು ವ್ಯಾಪಾರದ ಮಾತು ಎಂದುಕೊಂಡೆ.

ಮನೆಗೆ ತಂದು, ತಾರಸಿಯ ಮೇಲೆ ಹಳೇ ಸೀರೆ ಹಾಸಿ, ಸಂಡಿಗೆಯಂತೆ ಹರಡಿ ಒಣಗಿಸಿದೆ. ಹೂ ಕಟ್ಟುವವರಿಗೆಲ್ಲ ಗೊತ್ತು, ಬಾಳೆನಾರು ಎಷ್ಟು ಒಣಗಿದ್ದರೂ ನೀರಿಗೆ ಅದ್ದಿದರೆ ಮೆತ್ತಗಾಗುತ್ತದೆ. ಇದೂ ನಾರೇ ತಾನೇ? ಪುಡಿ ಮಾಡಿ, ನೆನೆಸಿ, ಬೆರೆಸಿದೆ. ಕವರಿನ ತುಂಬ ರವೆಯಂಥ ಗಂಟು. ಗಂಟಿದ್ದಲ್ಲೆಲ್ಲ ಹರಿಯಿತು, ಮೊದಲಿಗಿಂತ ಬೇಗ.

ಮೇಡಂ ಅದನ್ನು ಬೆಳಕಿಗೆ ಹಿಡಿದು ನೋಡಿದರು. “ಒಣಗಿಸಿದ್ರಾ?”

“ನೆನೆಸಿದೆನಲ್ಲ, ಹೂವಿನ ನಾರಿನ ಥರ.”

ಅವರಿಗೆ ನಗು ತಡೆಯಲಾಗಲಿಲ್ಲ. “ಅದು ದಪ್ಪ ನಾರು. ಇಷ್ಟು ಸಣ್ಣ ಎಳೆ ಒಣಗಿದ್ರೆ ಒಂದಕ್ಕೊಂದು ಅಂಟ್ಕೊಂಡ್ಬುಡುತ್ತೆ, ಆಮೇಲೆ ಎಷ್ಟು ನೆನೆಸಿದ್ರೂ ಬಿಡಲ್ಲ. ಬಿಡಿಬಿಡಿಯಾಗಿ ಇಟ್ಟಿರೋದೇ ಆ ನೀರು. ನೀವು ನೀರಿನ ಹತ್ರಾನೂ ಚೌಕಾಸಿ ಮಾಡ್ಬುಟ್ರಲ್ರೀ!”

ಎರಡನೇ ಬಕೆಟ್ಟನ್ನು, ಮಾರದೆ ಉಳಿದ ಮಲ್ಲಿಗೆಯನ್ನು ಕಾಪಾಡುವಂತೆ, ಒದ್ದೆ ಬಟ್ಟೆ ಮುಚ್ಚಿ ತಂದೆ. ಹಸಿಯಾಗಿಯೇ ಬೆರೆಸಿದೆ, ಅವರು ಹೇಳಿದಷ್ಟೇ. ಜಾಸ್ತಿ ಹಾಕಿದರೆ ಜಾಸ್ತಿ ಗಟ್ಟಿ ಎಂದು ಕೈ ತುರಿಸುತ್ತದೆ, ತುರಿಸಲಿ ಬಿಡಿ, ಹಾಕಬೇಡಿ. ಹಾಳೆ ನುಣ್ಣಗೆ, ಸ್ವಲ್ಪ ಮಂಜು ಮಂಜಾಗಿ ಬಂತು.

ಹೊಸ ಕವರನ್ನು ಕುವೆಂಪುನಗರಕ್ಕೆ ಒಯ್ದೆ. ಅಂಗಡಿಯವರು ಅದಕ್ಕೆ ಕಾಯಿ ತುಂಬಿ, ತಮ್ಮ ಸ್ಕೂಟರಿಗೆ ತೂಗುಹಾಕಿ, ರಸ್ತೆಯ ಹಂಪುಗಳ ಮೇಲೆ ಬೇಕೆಂದೇ ಹಾರಿಸಿಕೊಂಡು ಹೋದರು. ನಾನು ಅಕ್ಕಿ ಮೂಟೆಗೆ ಒರಗಿ ನಿಂತೆ.

ವಾಪಸ್ ಬಂದಾಗ ಕವರ್ ಹಾಗೇ ತೂಗುತ್ತಿತ್ತು. ಹಿಡಿಕೆ ಮಾತ್ರ ತುಸು ಜಗ್ಗಿತ್ತು. ಬೆರಳಿಂದ ಎಳೆದರು, ಮೂಸಿದರು, ಮುಖ ಹುಳ್ಳಗೆ ಮಾಡಿಕೊಂಡರು.

“ರೇಟ್ ಜಾಸ್ತಿ ಆಯ್ತು ಕಣಮ್ಮ. ಸ್ವಲ್ಪ ನೋಡಿ ಹಾಕ್ಕೊಡಿ.”

ಆಗ ನನ್ನ ಉಸಿರು ಸಲೀಸಾಯಿತು. ಬೇಡ ಅನ್ನುವವರು ಯಾರೂ ರೇಟ್ ಮಾತಾಡುವುದಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಅಕ್ಕಿ ಮೂಟೆಯ ಮೇಲೆ ಆರಾಮಾಗಿ ಕುಳಿತು, “ಅದು ಮಾತ್ರ ಆಗಲ್ಲ ಸ್ವಾಮಿ,” ಎಂದು ಶುರು ಮಾಡಿದೆ.