ಮೂಲೆಯ ಕಂಬ

ಮೊನ್ನೆ ಗ್ಯಾಸಿನ ಲೈಟರ್ ಕೈಕೊಟ್ಟಿತು. ಡಬ್ಬಗಳ ಹಿಂದಿದ್ದ ಬೆಂಕಿಪೆಟ್ಟಿಗೆ ಹುಡುಕಿ ಕಡ್ಡಿ ಗೀರಿದೆ. ಗಂಧಕದ ವಾಸನೆ ಮೂಗಿಗೆ ಬಡಿದದ್ದೇ, ಚಹಾ ಇಡುವುದನ್ನೂ ಮರೆತು ನಿಂತುಬಿಟ್ಟೆ… ತೊಂಬತ್ತರ ದಶಕದ ದೋಹಾ. ಕಾಂಕ್ರೀಟ್ ಪರೀಕ್ಷೆ ಮಾಡುವ ನಮ್ಮ ಲ್ಯಾಬಿನಲ್ಲಿ ದಿನವಿಡೀ ಇದೇ ವಾಸನೆ. ಕಟ್ಟಡದಿಂದ ಕೊರೆದು ತಂದ ತುಂಡಿನ ಎರಡೂ ತುದಿಗೆ ಕರಗಿಸಿದ ಗಂಧಕ ಹಚ್ಚಿ, ಸಮ ಮಾಡಿ, ಯಂತ್ರದಲ್ಲಿಟ್ಟು ಒಡೆಯುತ್ತಿದ್ದೆವು.

ಲ್ಯಾಬಿನ ಮುಖ್ಯಸ್ಥರು ಧಾರವಾಡದ ಕಡೆಯವರು. ನಮಗೆಲ್ಲ ಅವರು ಬರೀ 'ಸರ್'. ಅವರದೊಂದು ಪದ್ಧತಿಯಿತ್ತು. ಯಾವ ತುಂಡು ಒಡೆಯುವ ಮೊದಲೂ ಏನಾಗುತ್ತದೆಂದು ಚೀಟಿಯಲ್ಲಿ ಬರೆದು ತಕ್ಕಡಿಯ ಕೆಳಗೆ ಇಡಬೇಕು. ಅವರೂ ಇಡುತ್ತಿದ್ದರು. ಫಲಿತಾಂಶ ನೋಡಿದ ಮೇಲೆ ಎಲ್ಲರೂ ಜ್ಯೋತಿಷಿಗಳೇ ಎನ್ನುತ್ತಿದ್ದರು. ಮಂಗಳೂರಿನಲ್ಲಿ ಮೂರು ವರ್ಷ ವಿಜ್ಞಾನ ಓದಿದ್ದರೂ ನನಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಉತ್ತರ ಬಾಯಿಪಾಠ ಮಾಡಿ ಪಾಸಾದ ಗಿರಾಕಿ.

ಒಂದು ಬೇಸಿಗೆಯಲ್ಲಿ ಮುಶೈರಿಬ್ ಬಡಾವಣೆಯ ಕಟ್ಟಡವೊಂದರ ಕಂಬಗಳಿಗೆ ಕಾಂಕ್ರೀಟ್ ಹಾಕಿದರು. ಎರಡನೇ ಲಾರಿಯ ಮಾಲಿನಲ್ಲಿ ಪರೀಕ್ಷೆಯ ಕ್ಯೂಬುಗಳನ್ನು ಹೊಯ್ದು ನಾನು ಲ್ಯಾಬಿಗೆ ಮರಳಿದ್ದೆ. ಚೆನ್ನಾಗಿ ಗಟ್ಟಿಯಾಗಲು ಮರುದಿನ ಅವನ್ನು ತಂದು ನೀರಿನ ತೊಟ್ಟಿಗೆ ಹಾಕಬೇಕಿತ್ತು. ಮರುದಿನ ಗುರುವಾರ, ಅರ್ಧ ದಿನ, ಶುಕ್ರವಾರ ರಜೆ; ಅಲ್ ಖೋರ್‌ನ ಗೆಳೆಯರು ಮೀನೂಟಕ್ಕೆ ಕರೆದಿದ್ದರು. ಕ್ಯೂಬುಗಳು ಶನಿವಾರದವರೆಗೆ ಬಿಸಿಲಿನಲ್ಲೇ ಬಿದ್ದಿದ್ದವು. ಇಪ್ಪತ್ತೆಂಟನೇ ದಿನ ಒಡೆದರೆ ಒಂದೂ ಪಾಸಾಗಲಿಲ್ಲ.

ನನ್ನ ತಪ್ಪು ಒಪ್ಪಿಕೊಂಡೆ. ಕಾಂಕ್ರೀಟ್ ಸರಿಯಿದೆ, ಒಣಗಿ ಕೆಟ್ಟದ್ದು ಕ್ಯೂಬು ಮಾತ್ರ ಎಂದೆ. ಸರ್ ನಂಬಲಿಲ್ಲ. ಸೈಟಿನಲ್ಲಿ ಯಾರೋ ನೀರು ಹೆಚ್ಚು ಬೆರೆಸಿದ್ದಾರೆ ಎಂಬುದು ಅವರ ಊಹೆ. ಆ ಸೈಟಿನ ಫೋರ್‌ಮನ್ ನನ್ನ ಅಕ್ಕನ ಗಂಡ, ವೀಸಾ ತೆಗೆದು ನನ್ನನ್ನು ಕತಾರಿಗೆ ಕರೆಸಿಕೊಂಡವರು. ನೀರು ಬೆರೆಸಿದ್ದು ಸಾಬೀತಾದರೆ ಅವರನ್ನು ಊರಿಗೆ ಕಳಿಸುವುದು ಖಂಡಿತ. ಅಕ್ಕ ಆಗ ಬಸುರಿ.

ಆ ಸಂಜೆ ಅಲ್ ಹಿಲಾಲ್ ಬಡಾವಣೆಯಲ್ಲಿದ್ದ ಅಕ್ಕನ ಮನೆಯಲ್ಲಿ ಭಾವ ಟಿ.ವಿ. ಸದ್ದು ಜೋರು ಮಾಡಿ ನನ್ನ ಪಕ್ಕ ಕುಳಿತರು.

"ಕೊನೇ ಲಾರಿ ದಾರಿಯಲ್ಲಿ ಸಿಕ್ಕಿ ಲೇಟಾಯ್ತು ಮಾರಾಯ. ಬರುವಾಗ ಮಾಲು ಗಟ್ಟಿ ಆಗಿತ್ತು. ನೀರು ಹಾಕಿದ್ದು ಹೌದು. ಅದು ಹೋದದ್ದು ಮೂಲೆಯ ಕಂಬಕ್ಕೆ ಮಾತ್ರ. ಗೊತ್ತಾದ್ರೆ ನಾನು ಖಲಾಸ್."

ಒಂದೇ ಒಂದು ಕಂಬ ಕೊರೆಯಲು ಅನುಮತಿ ಸಿಕ್ಕಿತು. ಸೀಮೆಸುಣ್ಣ ಹಿಡಿದು ಬಂದ ಸರ್ ನನ್ನ ಮುಖ ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಅವರು ಏನೂ ಕೇಳದಿದ್ದರೂ ನಾನು ತೊದಲಿದೆ.

"ಅಂವ ನಿಮ್ಮ ಭಾವ ಅಂತ ನನಗ ಗೊತ್ತೈತಿ," ಎಂದರು. "ಆದ್ರ ಸೈಟಿನ ಮಂದಿ ನನಗ ಹೇಳೂದಿಲ್ಲ, ನಿನಗ ಹೇಳ್ತಾರ. ಎಲ್ಲಿ ನಿನ್ನ ಮಾತು ಸುಳ್ಳಾದೀತು ಅಂತ ಹೆದರಿಕಿ ಐತೋ, ಅಲ್ಲೇ ಗುರುತು ಹಾಕು. ಗಟ್ಟಿ ಇದ್ದಲ್ಲಿ ಕೊರದ್ರ ಅದು ಪರೀಕ್ಷಾ ಅಲ್ಲಪಾ, ಸಮಾಧಾನ."

ಮಧ್ಯಾಹ್ನದ ಬಿಸಿಲು. ಭಾವ ದೂರದಲ್ಲಿ ನನಗೆ ಬೆನ್ನು ಹಾಕಿ ನಿಂತಿದ್ದರು. ಮೂಲೆಯ ಕಂಬದ ಮುಂದೆ ಎಷ್ಟು ಹೊತ್ತು ನಿಂತೆನೋ ತಿಳಿಯದು. ಅಂಗೈಯ ಬೆವರಿಗೆ ಸೀಮೆಸುಣ್ಣ ಮೆತ್ತಗಾಗಿತ್ತು… ಆಮೇಲೆ ನಾಲ್ಕು ಹೆಜ್ಜೆ ಸರಿದು, ಪಕ್ಕದ ಕಂಬಕ್ಕೆ ಗುರುತು ಹಾಕಿದೆ.

ತುಂಡು ಒಡೆಯುವ ದಿನ ಸರ್ ಯಂತ್ರದ ಮಾಪಕದ ಗಾಜಿನ ಮೇಲೆ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದರು. ಮುಳ್ಳು ಅದನ್ನು ದಾಟಿದರೆ ನನ್ನ ಮಾತು ನಿಜ, ಅಷ್ಟರೊಳಗೆ ತುಂಡು ಒಡೆದರೆ ಅವರದು. ಯಂತ್ರ ಗುರುಗುಟ್ಟಿತು. ಮುಳ್ಳು ಆಮೆಯ ಹಾಗೆ ಏರಿತು. ದಾಟುತ್ತದೆ ಎಂಬ ಭರವಸೆಯಿದ್ದೂ ನಾನು ಕೆಂಪು ಗೆರೆಯಿಂದ ಕಣ್ಣು ಕೀಳಲಿಲ್ಲ. ಮುಳ್ಳು ಗೆರೆ ದಾಟಿ ಬಹಳ ಮುಂದೆ ಹೋದ ಮೇಲೆಯೇ ತುಂಡು ಒಡೆಯಿತು.

ಸರ್ ತಕ್ಕಡಿಯ ಕೆಳಗಿದ್ದ ತಮ್ಮ ಚೀಟಿ ತೆಗೆದು ಫೈಲಿಗೆ ಅಂಟಿಸಿದರು. ಕೆಳಗೆ 'ನನ್ನ ಊಹೆ ತಪ್ಪು' ಎಂದು ಬರೆದು ಸಹಿ ಹಾಕಿದರು. ಭಾವನನ್ನು ಲ್ಯಾಬಿಗೆ ಕರೆಸಿ, ನಮ್ಮೆಲ್ಲರ ಎದುರಿಗೇ, ಸುಮ್ಮನೆ ಸಂಶಯಪಟ್ಟೆನೆಂದು ಕ್ಷಮೆ ಕೇಳಿದರು. ಭಾವ ನೆಲ ನೋಡುತ್ತ ನಿಂತಿದ್ದರು. ನನಗೆ ಅನ್ನ ಸೇರಲಿಲ್ಲ. ಸರ್ ಮಾತ್ರ ಖುಷಿಯಲ್ಲಿದ್ದರು, ಊಹೆ ತಪ್ಪಿದ್ದರಿಂದ ಒಂದು ವಿಷಯ ಕಲಿತೆನೆಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದರು.

ಭಾವನ ಕೆಲಸ ಉಳಿಯಿತು. ಆ ರಸ್ತೆಯಲ್ಲಿ ಹೋದಾಗಲೆಲ್ಲ, ಬಿರುಕು ಬಿಟ್ಟಿದೆಯೇ ಎಂದು ಮೂಲೆಯ ಕಂಬವನ್ನೇ ನೋಡುತ್ತಿದ್ದೆ. ಮುಂದೆ ಹೊಸ ಮುಶೈರಿಬ್ ಕಟ್ಟಲು ಹಳೆಯದನ್ನೆಲ್ಲ ಕೆಡವಿದಾಗ ಆ ಕಟ್ಟಡವೂ ಹೋಯಿತು. ನಾನು ನಿಟ್ಟುಸಿರು ಬಿಟ್ಟೆ. ಊರಿಗೆ ಮರಳಿದ್ದ ಸರ್ ಅಷ್ಟರಲ್ಲಿ ತೀರಿಕೊಂಡಿದ್ದರು… ಧಾರವಾಡಕ್ಕೆ ಹೋಗಿ ಎಲ್ಲ ಹೇಳಬೇಕೆಂದು ಎಷ್ಟು ಸಲ ಅಂದುಕೊಂಡಿದ್ದೆ.

ಕಡ್ಡಿ ಉರಿದು ಬೆರಳು ಸುಟ್ಟಿತು. ಇನ್ನೊಂದು ಗೀರಿದೆ. ಆ ಕಂಬ ಗಟ್ಟಿಯಿತ್ತೋ ಇಲ್ಲವೋ, ಇನ್ನು ಯಾರಿಗೂ ತಿಳಿಯುವುದಿಲ್ಲ. ಎಲ್ಲೋ ಒಂದು ಹಳೆಯ ಫೈಲಿನಲ್ಲಿ, ನೀರು ಬೆರೆಸಿದ್ದನ್ನು ಸರಿಯಾಗಿಯೇ ಊಹಿಸಿದ್ದ ಆ ಮನುಷ್ಯ ತನ್ನ ಕೈಯಾರೆ ತಪ್ಪು ಒಪ್ಪಿಕೊಂಡದ್ದು ಹಾಗೇ ಉಳಿದಿದೆ.