ಹನ್ನೊಂದು ಗಂಟೆಯ ಡಂಗುರ

1941ನೆಯ ಇಸವಿಯಲ್ಲಿ ನಾನು ದೊಡ್ಡಬಳ್ಳಾಪುರದ ಆಸುಪಾಸಿನ ಒಂದು ಸಣ್ಣ ನೇಕಾರರ ಊರಿನ ಪುರಸಭೆಗೆ ಓವರ್‌ಸಿಯರ್ ಆಗಿ ವರ್ಗವಾಗಿ ಹೋದೆ. ಊರಿನ ಹೆಸರು ಹೇಳುವುದಿಲ್ಲ. ಆಗ ನನ್ನ ಮೇಲೆ ಹರಿಹಾಯ್ದವರ ಮೊಮ್ಮಕ್ಕಳು ಇಂದಿಗೂ ಅಲ್ಲಿದ್ದಾರೆ, ಸಿಕ್ಕಾಗ ಕಾಫಿ ಕೊಡುತ್ತಾರೆ. ಓವರ್‌ಸಿಯರ್ ಎಂದರೆ ದೊಡ್ಡ ಹುದ್ದೆಯಲ್ಲ. ರಸ್ತೆ, ಚರಂಡಿ, ಬಾವಿ, ಪುರಸಭೆಯ ಜಾಗ, ಕಟ್ಟಡದ ಲೈಸೆನ್ಸು ಇವನ್ನೆಲ್ಲ ಕಣ್ಣಾರೆ ನೋಡಿ ವರದಿ ಬರೆಯುವವನು. ಸದಸ್ಯರು ಸಭೆಯಲ್ಲಿ ಕೈ ಎತ್ತುತ್ತಿದ್ದುದು ಆ ವರದಿಯ ಆಧಾರದ ಮೇಲೆ.

ಅದಕ್ಕೆ ಮೊದಲು ದೇವನಹಳ್ಳಿ ಕಡೆ ಕೆಲಸದಲ್ಲಿದ್ದಾಗ ಒಬ್ಬ ಕಂಟ್ರಾಕ್ಟರ್ ಚರಂಡಿಗೆ ಗಾರೆಯ ಬದಲು ಕೆಮ್ಮಣ್ಣು ಮೆತ್ತಿಸಿ ನನ್ನಿಂದ ರುಜು ಹಾಕಿಸಿಕೊಂಡಿದ್ದ. ಮೊದಲ ಮಳೆಗೇ ಚರಂಡಿಯೂ ಹೋಯಿತು, ನನ್ನ ಮರ್ಯಾದೆಯೂ ಹೋಯಿತು. ಅಂದಿನಿಂದ ಯಾರನ್ನೂ ನಂಬಬಾರದು ಎಂದು ತೀರ್ಮಾನಿಸಿಬಿಟ್ಟಿದ್ದೆ. ನನ್ನ ಹೆಂಡತಿ ಛೇಡಿಸುತ್ತಿದ್ದಳು: "ನೀವು ಹಾಲಿನವಳ ಮುಖ ನೋಡೋ ರೀತಿ ನೋಡಿದ್ರೆ, ಅವಳು ಹಸೂನೇ ಕದ್ಕೊಂಡು ಬಂದಿರ್ಬೇಕು ಅನ್ಸುತ್ತೆ." ಅನುಮಾನವೇ ಒಳ್ಳೆಯ ಅಧಿಕಾರಿಯ ಲಕ್ಷಣ ಎಂದು ನಾನು ಅವಳಿಗೆ ಉತ್ತರ ಕೊಡುತ್ತಿದ್ದೆ.

ಆ ವರ್ಷದ ಫೆಬ್ರವರಿಯಲ್ಲಿ ಗುರುಶಾಂತಪ್ಪ ಎಂಬ ಕಡಲೆಕಾಯಿ ವ್ಯಾಪಾರಿ ಒಂದು ಅರ್ಜಿ ಹಾಕಿದರು. ನೇಕಾರರ ಬೀದಿಯ ತುದಿಯಲ್ಲಿ ಪುರಸಭೆಗೆ ಸೇರಿದ ನೂರೈವತ್ತು ಅಡಿ ಉದ್ದ, ನಲವತ್ತು ಅಡಿ ಅಗಲದ ಒಂದು ಪಟ್ಟಿ ಜಾಗವಿತ್ತು. ಅದನ್ನು ಗುತ್ತಿಗೆಗೆ ಕೊಟ್ಟರೆ ಗೋಡೌನ್ ಕಟ್ಟುತ್ತೇನೆ ಎಂಬುದು ಅವರ ಕೋರಿಕೆ. ಒಂದು ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಟೇಪು ಹಿಡಿದು ಹೋಗಿ ಅಳತೆ ಮಾಡಿದೆ. ಎರಡು ಹುಣಸೆಮರ, ಎರಡೂ ತುದಿಯಲ್ಲಿ ಸಾಲಾಗಿ ಮೊಳಕಾಲೆತ್ತರದ ಕಲ್ಲುಗಳು, ನೆರಳಲ್ಲಿ ಮಲಗಿದ್ದ ಒಂದು ನಾಯಿ. ಬೇರೆ ಏನೂ ಇರಲಿಲ್ಲ. "ಖಾಲಿ ಬಿದ್ದಿರುವ, ಯಾರ ಉಪಯೋಗಕ್ಕೂ ಇಲ್ಲದ ಜಾಗ. ದನ ಕಟ್ಟುವ ಕೆಲವು ಕಲ್ಲುಗಳಿವೆ" ಎಂದು ವರದಿ ಬರೆದೆ. ಬಿಸಿಲಿಗೆ ತಲೆ ಸುತ್ತುತ್ತಿತ್ತು. ದಾರಿಯಲ್ಲಿ ಗುರುಶಾಂತಪ್ಪನವರ ಅಂಗಡಿ ಜಗಲಿಯ ಮೇಲೆ ಕೂತು ಒಂದು ಲೋಟ ಕಾಫಿ ಕುಡಿದು ಕಚೇರಿಗೆ ಬಂದೆ.

ಪುರಸಭೆಯ ಜಾಗವನ್ನು ಯಾರಿಗಾದರೂ ಕೊಡುವ ಮುನ್ನ ಸುತ್ತಲಿನವರ ತಕರಾರು ಕೇಳಬೇಕೆಂಬುದು ನಿಯಮ. ಕಚೇರಿಯ ಬೋರ್ಡಿಗೆ ನೋಟೀಸು ಅಂಟಿಸಬೇಕು, ಆ ಬೀದಿಯಲ್ಲಿ ಡಂಗುರ ಸಾರಿಸಬೇಕು, ಮೂವತ್ತು ದಿನ ಕಾಯಬೇಕು. ಬೋರ್ಡನ್ನು ಹಲ್ಲಿಗಳ ಹೊರತು ಯಾರೂ ನೋಡುತ್ತಿರಲಿಲ್ಲ, ಆದ್ದರಿಂದ ಡಂಗುರವೇ ಮುಖ್ಯ. ಅದನ್ನು ಸಾರುತ್ತಿದ್ದವನು ತಮಟೆಯ ಪಿಳ್ಳಮುನಿಯ. ಐವತ್ತು ದಾಟಿದ ಸಣಕಲು ಮನುಷ್ಯ, ಕೇಳಿದ್ದಕ್ಕಿಂತ ಒಂದು ಮಾತು ಹೆಚ್ಚು ಆಡಿದವನಲ್ಲ. "ನಾಳೆ ಹನ್ನೊಂದು ಗಂಟೆಗೆ ನೇಕಾರರ ಬೀದಿಯಲ್ಲಿ ಸಾರು" ಎಂದು ಅವನಿಗೆ ಅಪ್ಪಣೆ ಕೊಟ್ಟವನು ನಾನೇ. ಕಚೇರಿ ತೆರೆಯುತ್ತಿದ್ದುದು ಹನ್ನೊಂದಕ್ಕೆ. ಮಾರನೆಯ ದಿನ ಅವನು ಬಂದು ಹೆಬ್ಬೆಟ್ಟು ಒತ್ತಿದ. "ಡಂಗುರ ಸಾರಿಸಲಾಗಿದೆ" ಎಂದು ಫೈಲಿನಲ್ಲಿ ಬರೆದುಕೊಂಡೆ.

ಮೂವತ್ತು ದಿನ ಕಳೆಯಿತು. ಒಂದೇ ಒಂದು ತಕರಾರು ಬರಲಿಲ್ಲ. ಚರಂಡಿಯ ಚಪ್ಪಡಿ ಒಂದು ಗೇಣು ಸರಿಸಿದರೂ ಹತ್ತು ಜನ ಬಂದು ನಿಲ್ಲುವ ಊರದು. ಅಂದೇ ನನಗೆ ಅನುಮಾನ ಬರಬೇಕಿತ್ತು, ಬರಲಿಲ್ಲ.

ಮೂವತ್ತೆರಡನೆಯ ದಿನ ಗುರುಶಾಂತಪ್ಪನವರು, ಸಭೆಯ ಒಪ್ಪಿಗೆ ಇನ್ನೇನು ಸಿಕ್ಕಿತೆಂಬ ಧೈರ್ಯದಲ್ಲಿ, ಆ ಜಾಗದಲ್ಲಿ ನಾಲ್ಕು ಗಾಡಿ ಕಲ್ಲು ಇಳಿಸಿದರು. ನಾನು ಕಚೇರಿಯ ಬೀಗ ತೆಗೆಸುವ ಹೊತ್ತಿಗೆ ನೇಕಾರರ ಬೀದಿಗೆ ಬೀದಿಯೇ ಬಾಗಿಲಲ್ಲಿ ನಿಂತಿತ್ತು. ಮುಂದೆ ನಿಂತವಳು ವೆಂಕಟಮ್ಮ. ಗಂಡ ತೀರಿಕೊಂಡ ಮೇಲೆ ಎರಡು ಮಗ್ಗ ತಾನೇ ನಡೆಸುತ್ತಿದ್ದ ಹೆಂಗಸು.

"ನಮ್ಮ ಹಾಸು ಹಾಕೋ ಜಾಗ ಯಾರಿಗೆ ಮಾರಿದ್ರಿ ಸ್ವಾಮಿ?" ಎಂದಳು.

ಹಾಸು ಎಂದರೆ ಸೀರೆಯ ಉದ್ದಕ್ಕೆ ಹೋಗುವ ನೂಲು. ಮಗ್ಗಕ್ಕೆ ಏರಿಸುವ ಮೊದಲು ಅದನ್ನು ಬಯಲಲ್ಲಿ ಉದ್ದಕ್ಕೆ ಬಿಗಿದು ಕಟ್ಟಿ, ಗಂಜಿ ಬಳಿದು, ಕುಂಚದಿಂದ ತೀಡಿ ಒಣಗಿಸಬೇಕು. ಇಲ್ಲದಿದ್ದರೆ ಮಗ್ಗದಲ್ಲಿ ಎಳೆ ನಿಲ್ಲುವುದಿಲ್ಲ. ಬೀದಿಯಲ್ಲಿ ನಲವತ್ತು ಮಗ್ಗವಿದ್ದವು, ಹಾಸು ಹಾಕಲು ಇದ್ದದ್ದು ಆ ಒಂದೇ ಜಾಗ. ಅದು ಹೋದರೆ ಮಗ್ಗ ನಿಲ್ಲುತ್ತದೆ ಎಂದರು.

ನನಗೆ ನಂಬಿಕೆ ಬರಲಿಲ್ಲ. ನಾನೇ ಹೋಗಿ ನೋಡಿದ್ದ ಜಾಗ. ನೂಲಿನ ಒಂದು ಎಳೆಯೂ ಅಲ್ಲಿರಲಿಲ್ಲ. ಗೋಡೌನ್ ಬರುತ್ತದೆಂದು ತಿಳಿದು ಈಗ ಕತೆ ಕಟ್ಟುತ್ತಿದ್ದಾರೆ ಎಂದುಕೊಂಡೆ. "ಒಂದು ತಿಂಗಳು ಏನು ಮಾಡ್ತಿದ್ರಿ? ಡಂಗುರ ಕೇಳಿಸಲಿಲ್ವಾ?" ಎಂದು ಗದರಿಸಿದೆ.

"ಯಾವ ಡಂಗುರ? ನಮ್ಮ ಬೀದೀಲಿ ಯಾರೂ ಸಾರ್ಲಿಲ್ಲ," ಎಂದಳು ವೆಂಕಟಮ್ಮ. ಹಿಂದಿದ್ದವರೆಲ್ಲ ಹೌದೆಂದರು. ಆಮೇಲೆ ಅವಳು ದನಿ ಏರಿಸದೆ ಹೇಳಿದಳು: "ಅಳತೆ ಮಾಡಿದ ದಿನ ನೀವು ಅವರಂಗ್ಡಿ ಜಗ್ಲಿ ಮೇಲೆ ಕೂತು ಕಾಫಿ ಕುಡ್ದಿದ್ದು ನಾವು ನೋಡಿದೀವಿ ಸ್ವಾಮಿ."

ನನ್ನ ಕಿವಿ ಬಿಸಿಯಾಯಿತು. ಒಂದು ಲೋಟ ಕಾಫಿಗೆ ನನ್ನನ್ನು ಕೊಂಡುಕೊಂಡಿದ್ದಾರೆಂದು ಬೀದಿಯೆಲ್ಲ ನಂಬಿತ್ತು.

ಪುರಸಭೆಯ ಪ್ರೆಸಿಡೆಂಟರು ನನ್ನನ್ನು ಒಳಗೆ ಕರೆದು ವಿಷಯವನ್ನು ಎರಡೇ ಮಾತಿನಲ್ಲಿ ಇಟ್ಟರು. ಡಂಗುರ ಸಾರಿದ್ದು ನಿಜವಾದರೆ ತಕರಾರಿನ ಅವಧಿ ಮುಗಿದಿದೆ, ಜಾಗ ಗುರುಶಾಂತಪ್ಪನವರಿಗೆ. ಸಾರಿಲ್ಲದಿದ್ದರೆ ನೋಟೀಸೇ ರದ್ದು, ಸುಳ್ಳು ಹೆಬ್ಬೆಟ್ಟು ಒತ್ತಿದ ಪಿಳ್ಳಮುನಿಯನ ಕೆಲಸ ಹೋಗುತ್ತದೆ. ಹತ್ತು ದಿನದಲ್ಲಿ ಸಭೆ. ಅಷ್ಟರೊಳಗೆ ವಿಚಾರಿಸಿ ವರದಿ ಕೊಡಬೇಕು. ಅಂದರೆ ಒಂದೋ ಬೀದಿ ಮುಳುಗಬೇಕು, ಇಲ್ಲ ಆ ಮುದುಕ ಮುಳುಗಬೇಕು.

ನೇಕಾರರ ಸುಳ್ಳನ್ನು ಮೊದಲು ಹಿಡಿಯೋಣವೆಂದು ಮಾರನೆಯ ಬೆಳಿಗ್ಗೆ, ಹೇಳದೆ ಕೇಳದೆ, ಸೂರ್ಯ ಹುಟ್ಟುವ ಮುಂಚೆಯೇ ಆ ಜಾಗಕ್ಕೆ ಹೋದೆ. ಇಳಿಸಿದ ಕಲ್ಲುಗಳನ್ನು ಒಂದು ಪಕ್ಕಕ್ಕೆ ಸರಿಸಿ ಏಳು ಹಾಸು ಬಿಗಿದಿದ್ದರು. ಕೆಂಪು, ಹಸಿರು, ಅರಿಶಿನದ ಬಣ್ಣದ ನೂಲು ಈ ತುದಿಯಿಂದ ಆ ತುದಿಗೆ. ಗಂಡಸರು ಹೆಂಗಸರು ಎರಡೂ ಬದಿ ನಿಂತು ಗಂಜಿ ತೀಡುತ್ತಿದ್ದರು. ಹಾಸನ್ನು ಕಟ್ಟಿದ್ದು ನಾನು ದನ ಕಟ್ಟುವ ಕಲ್ಲು ಎಂದು ಬರೆದಿದ್ದ ಕಲ್ಲುಗಳಿಗೆ. ಹಗ್ಗ ತೀಡಿ ತೀಡಿ ನಡುವೆ ನುಣ್ಣಗಾಗಿದ್ದವು ಆ ಕಲ್ಲುಗಳು. ಬಿಸಿಲು ಏರಿದರೆ ಗಂಜಿ ಬೇಗ ಒಣಗಿ ಎಳೆ ಬಿರುಸಾಗುತ್ತದಂತೆ. ಎಂಟು ಗಂಟೆಯ ಹೊತ್ತಿಗೆ ಎಲ್ಲವನ್ನೂ ಸುತ್ತಿಕೊಂಡು ಹೋದರು. ಮತ್ತೆ ಎರಡು ಹುಣಸೆಮರ, ಕಲ್ಲು, ನಾಯಿ.

ಗುರುಶಾಂತಪ್ಪನವರನ್ನು ಕಂಡು, ಇದು ನಿಮಗೆ ಗೊತ್ತಿರಲಿಲ್ಲವೇ ಎಂದು ಜೋರು ಮಾಡಿದೆ. ಅವರು ತಕ್ಕಡಿಯಿಂದ ಕೈ ತೆಗೆಯದೆ, "ಅರ್ಜಿ ಕೊಟ್ಟವನು ನಾನು. ಖಾಲಿ ಅಂತ ಬರೆದವರು ಯಾರು ಸ್ವಾಮಿ?" ಎಂದರು.

ಈಗ ನೇಕಾರರ ಮಾತು ನಿಜವೆಂದು ಗೊತ್ತಾಯಿತಲ್ಲ, ಹಾಗಾದರೆ ಸುಳ್ಳು ಹೇಳಿದವನು ಪಿಳ್ಳಮುನಿಯನೇ ಎಂದು ನನ್ನ ಲೆಕ್ಕಾಚಾರ ಓಡಿತು. ಅವನನ್ನು ಕರೆಸಿದೆ. ಮೈಮೇಲೆ ಹೊಚ್ಚಹೊಸ ಕಂಬಳಿ ಹೊದ್ದು ಬಂದ. ಅದನ್ನು ನೋಡುತ್ತಲೇ ನನಗೆ ಎಲ್ಲ ಅರ್ಥವಾದಂತಾಯಿತು.

"ಸಾರಿದೆಯೋ ಇಲ್ಲವೋ?"

"ಸಾರಿವ್ನಿ ಬುದ್ಧಿ."

"ಈ ಕಂಬಳಿ ಎಲ್ಲಿಂದ ಬಂತು?"

"ಮಗ್ಳು ತಂದ್ಲು ಬುದ್ಧಿ. ಅವ್ಳನ್ನ ಆವತಿ ಕಡೆ ಕೊಟ್ಟಿವ್ನಿ."

"ಗುರುಶಾಂತಪ್ಪನವರ ಅಂಗಡಿಗೆ ಹೋಗಿದ್ದೆಯಾ?"

ಅವನು ನೆಲ ನೋಡಿದ. ಆ ಮೌನವನ್ನೇ ನಾನು ತಪ್ಪೊಪ್ಪಿಗೆ ಎಂದು ತಿಳಿದೆ. ನನ್ನ ಟಿಪ್ಪಣಿ ನೋಡಿ ಪ್ರೆಸಿಡೆಂಟರು ಅವನನ್ನು ವಿಚಾರಣೆ ಮುಗಿಯುವವರೆಗೆ ಕೆಲಸದಿಂದ ನಿಲ್ಲಿಸಿದರು. ತಮಟೆ ಪುರಸಭೆಯದು. ಅದನ್ನು ಬಿಸಿಲಿಗೆ ಹಿಡಿದು, ತೊಗಲು ಸಡಿಲವಾಗಿಲ್ಲವೆಂದು ನೋಡಿ, ಕಚೇರಿಯ ಮೂಲೆಯಲ್ಲಿ ಇಟ್ಟು ಹೋದ.

ಇನ್ನು ಉಳಿದದ್ದು ನೇಕಾರರ ಹೇಳಿಕೆ. ಸಭೆಗೆ ನಾಲ್ಕು ದಿನವಿರುವಾಗ, ಬೆಳಿಗ್ಗೆ ಹನ್ನೊಂದು ದಾಟಿದ ಮೇಲೆ ವೆಂಕಟಮ್ಮನ ಮನೆಗೆ ಹೋದೆ. ತಗ್ಗು ಸೂರಿನ ಮನೆ. ಅವಳು ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದಳು, ಪಕ್ಕದ ಮಗ್ಗದಲ್ಲಿ ಅವಳ ತಮ್ಮ. ಗೋಡೆಯಾಚೆ ಇನ್ನೆರಡು, ಅದರಾಚೆ ಮತ್ತೆರಡು. ನಿಲ್ಲಿಸಿದರೆ ಅಂಚು ಕೆಡುತ್ತದೆ, ಹೀಗೇ ಕೇಳಿ ಎಂದಳು. ನಾನು ಅವಳ ಕಿವಿಯ ಹತ್ತಿರ ಬಗ್ಗಿ ಕೂಗಿ ಕೇಳಿದೆ, ಅವಳು ಕೂಗಿ ಹೇಳಿದಳು. ಅರ್ಧ ಪುಟ ಬರೆಯುವುದರಲ್ಲಿ ನನ್ನ ಗಂಟಲು ಕಟ್ಟಿತು. ಹೊರಗೆ ಬಂದರೆ ನಮ್ಮ ಜವಾನ ಮುಖ ಊದಿಸಿಕೊಂಡು ಜಗಲಿಯ ಕೆಳಗೆ ನಿಂತಿದ್ದ.

"ಪ್ರೆಸಿಡೆಂಟರು ಕರೀತಾವ್ರೆ. ನಾಕು ಸಲ ಕೂಗಿದೆ, ಬಾಗ್ಲೂ ಬಡಿದೆ. ಕೇಳಿಸಿದ್ರೂ ಬರ್ಲಿಲ್ವಲ್ಲ ನೀವು," ಎಂದ.

ನನಗೆ ಕೇಳಿಸಿರಲಿಲ್ಲ. ದೇವರಾಣೆಗೂ ಕೇಳಿಸಿರಲಿಲ್ಲ.

ಬೀದಿಯ ನಡುವೆ ಹಾಗೇ ನಿಂತುಬಿಟ್ಟೆ. ಆಮೇಲೆ ಜವಾನನನ್ನು ಓಡಿಸಿ ಪಿಳ್ಳಮುನಿಯನನ್ನೂ ತಮಟೆಯನ್ನೂ ಕರೆಸಿದೆ. ಅಂದು ಸಾರಿದ್ದನ್ನು ಅಂದಿನ ಹಾಗೆಯೇ ಸಾರು ಎಂದೆ. ಅವನ ಜಾತಿಯವರು ಆ ಬೀದಿಯ ಜಗಲಿ ಹತ್ತುವಂತಿರಲಿಲ್ಲ, ಬಾಗಿಲು ತಟ್ಟಿ ಹೇಳುವಂತಿರಲಿಲ್ಲ. ಬೀದಿಯ ನಡುವೆಯೇ ನಡೆಯಬೇಕು. ನಾನು ಒಳಗೆ ಹೋಗಿ ವೆಂಕಟಮ್ಮನ ಮಗ್ಗದ ಪಕ್ಕ ಕೂತು ಕಿವಿಗೊಟ್ಟೆ. ಬಹಳ ಹೊತ್ತಿನ ಮೇಲೆ ಮಗ್ಗಗಳ ಸದ್ದಿನೊಳಗೆ ಇನ್ನೊಂದು ಮಗ್ಗದಂಥ ಸದ್ದು ಬಂದು ಹೋಯಿತು. ಮಾತು ಒಂದೂ ಇಲ್ಲ.

"ಈಗ ಏನಾದ್ರೂ ಕೇಳಿಸ್ತಾ?" ಎಂದು ಕೂಗಿದೆ.

"ಏನು?" ಎಂದಳು ವೆಂಕಟಮ್ಮ.

ಯಾರೂ ಸುಳ್ಳು ಹೇಳಿರಲಿಲ್ಲ. ಪಿಳ್ಳಮುನಿಯ ಸಾರಿದ್ದ, ಬೀದಿಗೆ ಕೇಳಿಸಿರಲಿಲ್ಲ, ಗುರುಶಾಂತಪ್ಪನವರು ಅರ್ಜಿಯನ್ನಷ್ಟೇ ಕೊಟ್ಟಿದ್ದರು. ಹನ್ನೊಂದು ಗಂಟೆ ಎಂದವನು ನಾನು, ಹನ್ನೆರಡಕ್ಕೆ ಹೋಗಿ ಖಾಲಿ ಎಂದು ಬರೆದವನೂ ನಾನು. ಊರನ್ನೆಲ್ಲ ಅನುಮಾನದಿಂದ ನೋಡಿದವನು ನನ್ನ ಗಡಿಯಾರವನ್ನು ಮಾತ್ರ ನೋಡಿರಲಿಲ್ಲ. ಆ ದಿನ ಪಟ್ಟಷ್ಟು ನಾಚಿಕೆಯನ್ನು ಮತ್ತೆಂದೂ ಪಟ್ಟಿಲ್ಲ.

ವರದಿಯನ್ನು ಮೂರು ಸಲ ಬರೆದು ಹರಿದೆ. ತಪ್ಪನ್ನು ಪಿಳ್ಳಮುನಿಯನ ಸಣ್ಣ ದನಿಯ ಮೇಲೆ ಹಾಕಿ ನಾನು ನುಣುಚಿಕೊಳ್ಳುವ ದಾರಿ ಇತ್ತು. ಒಂದು ಕರಡಿನಲ್ಲಿ ಹಾಗೆ ಬರೆದೂ ಇದ್ದೆ. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಬರೆದು ಕೊಟ್ಟೆ. ಸಭೆಯಲ್ಲಿ ಒಂದು ಗಂಟೆ ಗದ್ದಲವಾಯಿತು. ನೋಟೀಸು ರದ್ದಾಗಿ ಮತ್ತೆ ಸಾರಿಸಬೇಕೆಂದು, ಪಿಳ್ಳಮುನಿಯನನ್ನು ಕೆಲಸಕ್ಕೆ ಮರಳಿ ಕರೆಯಬೇಕೆಂದು ತೀರ್ಮಾನವಾಯಿತು. ನನ್ನ ಸರ್ವಿಸ್ ರಿಜಿಸ್ಟರಿನಲ್ಲಿ "ಸ್ಥಳ ಪರಿಶೀಲನೆಯಲ್ಲೂ ಡಂಗುರ ಸಾರಿಸುವುದರಲ್ಲೂ ಅಲಕ್ಷ್ಯ, ಎಚ್ಚರಿಕೆ ನೀಡಿದೆ" ಎಂದು ಕೆಂಪು ಶಾಯಿಯಲ್ಲಿ ಬರೆದರು.

ಮಾರನೆಯ ದಿನ ಪಿಳ್ಳಮುನಿಯನ ಕೈಗೆ ತಮಟೆ ಕೊಟ್ಟು, ಮತ್ತೆ ಸಾರಬೇಕು ಎಂದೆ. ಗಂಟೆ ಹೇಳಲು ಬಾಯಿ ಬರಲಿಲ್ಲ. "ಯಾವಾಗ ಸಾರಿದರೆ ಸರಿ? ನೀನೇ ಹೇಳು," ಎಂದೆ.

"ಅಮಾಸೆ ದಿನ ಬುದ್ಧಿ. ಅವತ್ತು ಅವ್ರು ಮಗ್ಗ ಮುಟ್ಟಾಕಿಲ್ಲ. ಬೀದಿ ತಣ್ಣಗಿರ್ತದೆ, ಎಲ್ರೂ ಜಗ್ಲಿ ಮೇಲಿರ್ತಾರೆ."

"ಇದು ನಿನಗೆ ಮೊದಲೇ ಗೊತ್ತಿತ್ತಾ?"

"ಹನ್ನೊಂದು ಗಂಟೇಲಿ ಆ ಬೀದೀಲಿ ಕೋವಿ ಹಾರಿಸಿದ್ರೂ ಕೇಳ್ಸಾಕಿಲ್ಲ ಬುದ್ಧಿ. ಯಾರ್ಗೆ ಗೊತ್ತಿಲ್ಲ?"

"ಮತ್ತೆ ಯಾಕೆ ಹೇಳಲಿಲ್ಲ?"

ಅವನು ತಮಟೆಯ ದಾರವನ್ನು ಹೆಗಲಿಗೆ ಹಾಕಿಕೊಂಡ. "ಸಾರಿದ್ಯಾ ಅಂತ ಕೇಳಿದ್ರಿ, ಸಾರಿವ್ನಿ ಅಂದೆ. ಕಂಬ್ಳಿ ಎಲ್ಲಿಂದ ಬಂತು ಅಂದ್ರಿ, ಮಗ್ಳು ತಂದ್ಲು ಅಂದೆ. ಅವ್ರಿಗೆ ಕೇಳಿಸ್ತಾ ಅಂತ ನೀವು ಕೇಳ್ನಿಲ್ಲ ಬುದ್ಧಿ."

ಅಮಾವಾಸ್ಯೆಯ ದಿನ ಸಾರಿಸಿದೆವು. ಸಂಜೆಯೊಳಗೆ ಬೀದಿಯ ಪ್ರತಿ ಮನೆಯಿಂದಲೂ ತಕರಾರು ಬಂತು. ಜಾಗ ನೇಕಾರರು ಹಾಸು ಹಾಕಲೆಂದೇ ಉಳಿಯಿತು, ಗುರುಶಾಂತಪ್ಪನವರು ಕೆರೆ ಕಡೆಯ ರಸ್ತೆಯಲ್ಲಿ ಬೇರೆ ಜಾಗ ಹಿಡಿದರು. ನಾನು ಮುಂದೆ ಇಪ್ಪತ್ತಾರು ವರ್ಷ ನೌಕರಿ ಮಾಡಿದೆ. ಪ್ರತಿ ವರದಿಯಲ್ಲೂ ತಾರೀಖಿನ ಕೆಳಗೆ ನಾನು ಹೋದ ಗಂಟೆಯನ್ನು ಬರೆದೆ, ಮತ್ತೊಂದು ಗಂಟೆಯಲ್ಲಿ ಹೋಗಿ ನೋಡದೆ ಯಾವ ಜಾಗವನ್ನೂ ಖಾಲಿ ಎನ್ನಲಿಲ್ಲ. ಕೆಲಸ ನನಗೆ ಕಲಿಸಿದ್ದು ಇಷ್ಟು: ಅನುಮಾನಪಡುವವನು ತನ್ನ ಪ್ರಶ್ನೆಯ ಮೇಲೆ ಮೊದಲು ಅನುಮಾನಪಡಬೇಕು.

ಆ ಕೆಂಪು ಶಾಯಿಯ ಎಚ್ಚರಿಕೆ ನಿವೃತ್ತಿಯವರೆಗೂ ನನ್ನ ರಿಜಿಸ್ಟರಿನಲ್ಲಿತ್ತು. ಅದರಲ್ಲಿ ಜಾಗದ ಮಾತಿತ್ತು, ಡಂಗುರದ ಮಾತಿತ್ತು. ಮಗಳು ತಂದುಕೊಟ್ಟ ಕಂಬಳಿಯನ್ನು ಹೊದ್ದು ಬಂದವನನ್ನು ನಾನು ಕಳ್ಳನಂತೆ ನಿಲ್ಲಿಸಿಕೊಂಡ ಮಾತು ಇರಲಿಲ್ಲ. ಪಿಳ್ಳಮುನಿಯ ಆ ಕಂಬಳಿಯನ್ನು ಮತ್ತೆಂದೂ ಕಚೇರಿಗೆ ಹೊದ್ದು ಬರಲಿಲ್ಲ.