ಸಿಹಿನೀರಿಗೆ ಸುಣ್ಣ

ಎಂಬತ್ತರ ದಶಕದ ಮಾತು. ಗದಗಿನಲ್ಲಿ ಹೆಂಗಸರಿಗೆಂದು ನಡೆದ ನೀರಿನ ತರಬೇತಿ ಮುಗಿಸಿ ಮುಂಡರಗಿ ಬಸ್ಸು ಹತ್ತಿದಾಗ ನನಗೆ ಸೀಟು ಸಿಗಲಿಲ್ಲ. ಸಿಕ್ಕಿದ್ದರೂ ಕೂರುತ್ತಿರಲಿಲ್ಲ, ಅಷ್ಟು ಹುರುಪು! ನಮ್ಮೂರಿನವರ ಹಲ್ಲು ಕಂದುಬಣ್ಣಕ್ಕೆ ತಿರುಗುವುದು ಹಣೆಬರಹದಿಂದಲ್ಲ, ನೀರಿನಲ್ಲಿರುವ ಫ್ಲೋರೈಡಿನಿಂದಂತೆ. ಅದನ್ನು ಇಳಿಸಲು ಒಂದಿಷ್ಟು ಸುಣ್ಣ, ಕ್ಷೌರದಂಗಡಿಯಲ್ಲಿ ಕೆನ್ನೆಗೆ ಸವರುವ ಪಟಿಕ ಸಾಕಂತೆ. ಮಗಳಿಗೆ ಆಗ ಎರಡು ತುಂಬಿತ್ತು. ಹಾಲುಹಲ್ಲಿನ ಕೆಳಗೆ ಕಾಯಂ ಹಲ್ಲು ಈಗಲೇ ಕಟ್ಟುತ್ತಿರುತ್ತವೆ, ಈಗ ಕುಡಿಯುವ ನೀರೇ ಮುಖ್ಯ ಎಂದು ತರಬೇತಿಯಲ್ಲಿ ಹೇಳಿದ್ದರು. ತಡಮಾಡುವಂತಿರಲಿಲ್ಲ.

ಮನೆಗೆ ಬಂದವಳೇ ಬಕೆಟ್ಟಿಗೆ ಬೋರಿನ ನೀರು ಸುರಿದು, ಸುಣ್ಣ ಕದಡಿ, ಪಟಿಕ ಕರಗಿಸಿ ಹಾಕಿ ತಿರುವತೊಡಗಿದೆ. ಅತ್ತೆ ಬಾಗಿಲಲ್ಲೇ ನಿಂತರು.

“ಸಿಹಿನೀರಿಗೆ ಸುಣ್ಣಾ ಹಾಕಾಕತ್ತೀಯಲ್ಲ, ತಲಿ ನೆಟ್ಟಗೈತೇನು?”

ನಮ್ಮ ಕಡೆ ನೀರಿಗೆ ಎರಡೇ ಜಾತಿ. ಸವುಳು ಬಟ್ಟೆ ಒಗೆಯಲು, ಸಿಹಿ ಕುಡಿಯಲು. ನಾಲಿಗೆಗೆ ಹಿತವಾದ ನೀರಿನಲ್ಲೂ ಕೇಡಿರುತ್ತದೆ ಎಂದರೆ ಯಾರು ನಂಬುತ್ತಾರೆ? ನನ್ನ ವಿವರಣೆಯೆಲ್ಲ ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಹತ್ತಿಯಂಥ ಗಸಿ ತಳಕ್ಕಿಳಿದು ಮೇಲೆ ತಿಳಿ ನಿಂತಾಗ ನಾನು ಕುಣಿದೆ. ಅತ್ತೆ ಒಂದು ಗುಟುಕು ಕುಡಿದು ಉಗುಳಿದರು.

“ಬರೇ ಒಗರು! ಕೂಸಿಗೆ ಇದನ್ನ ಕುಡಿಸಿದ್ರ ನೋಡು!”

ಹುರುಪಿನಲ್ಲಿ ಪಟಿಕ ಕೈಮೀರಿ ಬಿದ್ದಿತ್ತು. ಎರಡನೆಯ ಸಲ ಹದವಾಗಿ ಹಾಕಿದೆ. ಅವರು ಅದನ್ನು ಮುಟ್ಟಲೂ ಇಲ್ಲ. ಕುಡಿಯುವ ನೀರಿನ ಕೊಡ ಅವರ ಸುಪರ್ದಿನಲ್ಲಿತ್ತು. ಅವರು ಒಪ್ಪದೆ ಮಗಳಿಗೆ ಒಂದು ಹನಿಯೂ ದಕ್ಕುತ್ತಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತ್ತು.

ಅಷ್ಟರಲ್ಲಿ ಕಪ್ಪತಗುಡ್ಡದ ನೆಲ್ಲಿಕಾಯಿ ಮಾರುವವಳು ಬಂದಳು. ನೆಲ್ಲಿಕಾಯಿ ತಿಂದವರಿಗೆ ಯಾವ ನೀರು ತಾನೆ ಸಿಹಿಯಾಗಿರುವುದಿಲ್ಲ! ಅತ್ತೆಗೆ ಎರಡು ತಿನ್ನಿಸಿ, ಮೆಲ್ಲಗೆ ನನ್ನ ತಿಳಿನೀರಿನ ತಂಬಿಗೆ ಕೊಟ್ಟೆ. ಗಟಗಟ ಕುಡಿದರು.

“ನೋಡು, ನೀರಂದ್ರ ಹಿಂಗಿರಬೇಕು. ಸಕ್ಕರಿ!”

“ಅದ ಸುಣ್ಣದ ನೀರ್ರಿ, ಅತ್ತಿ.”

ಖಾಲಿ ತಂಬಿಗೆಯೊಳಗೆ ಇಣುಕಿ ನೋಡಿದವರು, “ಭಾಳ ಶಾಣ್ಯಾಕಿ ನೀ” ಎಂದು ನಕ್ಕುಬಿಟ್ಟರು. ಮರುದಿನದಿಂದ ಬಕೆಟ್ಟು ತಿರುವುವ ಕೆಲಸವನ್ನೂ ನನ್ನಿಂದ ಕಸಿದುಕೊಂಡರು.

ವರ್ಷಗಳ ಮೇಲೆ ಮಗಳ ಮುಂದಿನ ಹಾಲುಹಲ್ಲು ಬಿದ್ದು ಹೊಸದು ಮೂಡಿದಾಗ, ಅವಳನ್ನು ಅಂಗಳದ ಬಿಸಿಲಿಗೆ ಎಳೆದುಕೊಂಡು ಹೋದೆವು. ಬೆಳ್ಳಗಿತ್ತು! ನಾನು ಕೂಗಿಯೇಬಿಟ್ಟೆ. ಅತ್ತೆ ಮೊಮ್ಮಗಳ ಗದ್ದ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಸೆರಗಿನಿಂದ ತಮ್ಮ ಬಾಯಿ ಮುಚ್ಚಿಕೊಂಡು ಅಂದರು:

“ನನಗ ಯಾರೂ ಹಿಂಗ ತಿರುವಿ ಕೊಡಲಿಲ್ಲ ನೋಡ.”